ವಿಯೆನ್ನಾದಾಗ ತತ್ತಿ ತಿನ್ನದ ಅತ್ತಿಯವರಿಗೆ ಊಟ, ಮತ್ತ ಒಂದಿಷ್ಟು ಖರೀದಿ

ನವನಗರದ ಸೊಸಿ, ಬಾಗಲಕೋಟೆ:

ಎಲ್ಲಾರಿಗೂ ನಮಸ್ಕಾರ್ರಿ. ಅಕ್ಟೋಬರ್ ಕಡೀಗೆ ನಾವು ಮೂರು ಮಂದಿ ಆಸ್ಟ್ರಿಯಾದ ವಿಯೆನ್ನಾಕ್ಕ ಹೊಂಟೀವಿ. ನಾನು, ನಮ್ಮ ಮನಿಯವರು, ನಮ್ಮ ಅತ್ತಿಯವರು. ಮನಿಯವರದು ಆಫೀಸ್ ಕೆಲಸ, ಒಂಬತ್ತು ದಿನ. ಹಗಲೆಲ್ಲ ಅವರು ಮೀಟಿಂಗಿನಾಗ ಇರತಾರ, ಊರು ಅಡ್ಡಾಡೋರು ನಾನು, ಅತ್ತಿಯವರು ಇಬ್ಬರ.

ಅತ್ತಿಯವರಿಗೆ 67 ವರ್ಷ. ಮಾಂಸ, ಮೀನು, ತತ್ತಿ ಯಾವುದೂ ಮುಟ್ಟೂದಿಲ್ಲ. ಹಾಲು, ಮೊಸರು ನಡೀತೈತಿ. "ನನ್ನ ಚಿಂತಿ ಮಾಡಬ್ಯಾಡವಾ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ರ ಒಂಬತ್ತು ದಿನ ಹಂಗ ಕಳೀತೀನಿ" ಅಂತಾರ. ನನಗ ಅದು ಬ್ಯಾಡ. ಅಷ್ಟು ದೂರ ಕರಕೊಂಡು ಹೋಗಿ, ರೂಮಿನ ಬಾಗಿಲಾ ಹಾಕ್ಕೊಂಡು ಮಂಚದ ಮ್ಯಾಲೆ ಕುಂತು ರೊಟ್ಟಿ ಮುರಕೊಂಡು ತಿನ್ನೂದು ನೋಡಾಕ ನನಗ ಆಗೂದಿಲ್ಲ. ಎಲ್ಲಾರಂಗ ಅವರೂ ಹೊರಗ ಕುರ್ಚಿ ಮ್ಯಾಲೆ ಕುಂತು ಬಿಸಿ ಬಿಸಿ ಏನರ ತಿನ್ನಬೇಕು.

ಇನ್ನ ಖರೀದಿ. ಮೂರು ಮಂದಿ ನಾದಿನಿಯರಿಗೆ ಏನರ ತರಬೇಕು. ಅತ್ತಿಯವರಿಗೆ ಅಡಿಗಿಮನ್ಯಾಗ ದಿನಾ ಕೈಯಾಗ ಹಿಡಿಯುವಂಥ ಒಂದು ಸಾಮಾನು ಬೇಕಂತ, ಶೋಕೇಸಿನಾಗ ಇಡೂದು ಬ್ಯಾಡಂತ. ನಾವು ಶನಿವಾರ ರಾತ್ರಿ ಮುಟ್ಟತೀವಿ, ದುಬೈ ಮ್ಯಾಲಿಂದ. ಅಲ್ಲಿ ಇದ್ದು ಬಂದವರು ಹೇಳ್ರಿ.

ಕುಂದಾನಗರಿ, ಬೆಳಗಾವಿ:

ಅಕ್ಕಾರ, ಮೊದಲ ಬ್ಯಾಗಿನ ಮಾತು. ಯುರೋಪ್ ಒಕ್ಕೂಟದ ದೇಶಕ್ಕ ಹೊರಗಿಂದ ಹೋಗೋರು ಹಾಲಿನ ಪದಾರ್ಥ ಒಯ್ಯೂ ಹಂಗಿಲ್ಲ. ನಾನು ಭಾವನ ಮನಿಗೆ ಅಂತ ಎರಡು ಕಿಲೋ ಕುಂದಾ ಒಯ್ದಿದ್ದೆ, ವಿಮಾನ ನಿಲ್ದಾಣದಾಗ ಡಬ್ಬಿ ಸಮೇತ ತಗೊಂಡುಬಿಟ್ಟರು. ಹೊಟ್ಟಿ ಉರೀತು, ಆದ್ರ ಕಾಯ್ದೆ ಅವರ ಕಡೆ ಇತ್ತು. ತುಪ್ಪ, ಖವಾ, ಪೇಡೆ ಇಟ್ಟಿದ್ರ ತಗೀರಿ. ಹಸಿ ಕಾಯಿಪಲ್ಯ, ಹಣ್ಣಿಗೂ ತಪಾಸಣೆ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ಡೂರಿಯನ್, ಈ ಐದಕ್ಕ ಅಷ್ಟ ವಿನಾಯಿತಿ. ಕರಿಬೇವು, ನಿಂಬಿಹಣ್ಣು, ಹಸಿಮೆಣಸಿನಕಾಯಿ ಬ್ಯಾಡ.

ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ, ಗುರೆಳ್ಳು, ಅಗಸಿ ಚಟ್ನಿ ಧೈರ್ಯದಿಂದ ಒಯ್ರಿ. ಶೇಂಗಾ ಹೋಳಗಿ ತುಪ್ಪ ಸವರದಂಗ ಮಾಡ್ರಿ. ರೊಟ್ಟಿ ಸ್ಟೀಲ್ ಡಬ್ಬಿಯೊಳಗ ಬಟ್ಟಿ ಸುತ್ತಿ ಇಟ್ರ ಪುಡಿ ಆಗೂದಿಲ್ಲ. ಆದಷ್ಟು ಸಣ್ಣ ಅಡಿಗಿಮನಿ ಇರೂ ಬಾಡಿಗಿ ಮನಿನ ಹಿಡೀರಿ, ಹೊರಗ ತಿನ್ನೂ ಗೋಜ ಬ್ಯಾಡ.

ಗುಮ್ಮಟದ ಓಣಿ, ವಿಜಯಪುರ:

ಅಕ್ಕಾರ, ನಾನು ವಿಯೆನ್ನಾದಾಗ ಎರಡು ವರ್ಷ ಓದಾಕ ಇದ್ದೆ. ನಮ್ಮವ್ವನ್ನ ಹದಿನೈದು ದಿನ ಕರಸಿಕೊಂಡಿದ್ದೆ. ಆಕಿನೂ ನಿಮ್ಮ ಅತ್ತಿಯವರಂಗ ತತ್ತಿ ಮುಟ್ಟೂದಿಲ್ಲ. ನನ್ನ ತಪ್ಪು ನಿಮ್ಮಿಂದ ಆಗಬಾರದು ಅಂತ ಉದ್ದ ಬರೀತೀನಿ.

ಮೊದಲನೇ ದಿನ ಒಂದು ಹೋಟೆಲ್ಲಿನಾಗ ತರಕಾರಿ ಸೂಪ್ ತರಸಿದೆ. ಅವ್ವ ನಾಲ್ಕು ಚಮಚ ಕುಡದಿದ್ದಳು. ನನಗ ವಾಸನಿಗೆ ಅನುಮಾನ ಬಂದು ಬಡಸಾಂವನ್ನ ಕೇಳಿದೆ. ಗಜ್ಜರಿ, ಬಟಾಟಿ ಕುದಿಸಿದ್ದು ದನದ ಎಲುಬಿನ ಸಾರಿನಾಗ. ಅವ್ವ ನನಗ ಒಂದು ಮಾತೂ ಅನ್ನಲಿಲ್ಲ. ಚಮಚ ಬಾಜೂಕಿಟ್ಟು ಸೆರಗಿನಿಂದ ಬಾಯಿ ಒರಸಿಕೊಂಡಳು. ಮುಂದ ಎರಡು ದಿನ ಹೊರಗ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಅಲ್ಲಿಯ ಅಡಗಿಯಾಗ ದನದ ತಿಳಿ ಸಾರು ಬಹಳ ಸೂಪಿಗೆ ಮೂಲ. ಹಂಗಾಗಿ ತರಕಾರಿ ಅಂತ ಹೆಸರಿದ್ರೂ ಕೇಳದ ತರಸಬ್ಯಾಡ್ರಿ.

ತತ್ತಿದು ಪತ್ತೆ ಹಚ್ಚೂದು ಸಸಾರ. ಆಸ್ಟ್ರಿಯಾದಾಗ ಬಹಳಷ್ಟು ಮೆನುಕಾರ್ಡಿನಾಗ ತಿನಿಸಿನ ಮುಂದ ಸಣ್ಣ ಇಂಗ್ಲಿಷ್ ಅಕ್ಷರ ಇರತಾವ. ಅಲರ್ಜಿ ಇದ್ದವರಿಗೆ ಅಂತ 2014ರ ಡಿಸೆಂಬರದಿಂದ ಯುರೋಪಿನಾಗ ಕಡ್ಡಾಯ ಮಾಡಿದ ಮಾಹಿತಿ ಅದು. ಆಸ್ಟ್ರಿಯಾದಾಗ 'ಸಿ' ಅಂದ್ರ ತತ್ತಿ, 'ಡಿ' ಅಂದ್ರ ಮೀನು, 'ಜಿ' ಅಂದ್ರ ಹಾಲು, 'ಎ' ಅಂದ್ರ ಗೋದಿ ಜಾತಿ ಕಾಳು. 'ಸಿ' ಕಂಡ್ರ ಬಿಟ್ಟುಬಿಡ್ರಿ. ಇದನ್ನ ಅವ್ವಗ ತೋರಿಸಿಕೊಟ್ಟೆ. ಆಮ್ಯಾಲೆ ಆಕಿನ ಚಾಳೀಸು ಹಾಕ್ಕೊಂಡು ಮೆನು ತಗೊಂಡು ಬೆರಳಿಟ್ಟು ಹುಡುಕಾಕ ಹತ್ತಿದಳು. ಮಗನ ಮ್ಯಾಲೆ ಅವಲಂಬನ ತಪ್ಪಿತು ನೋಡ್ರಿ, ಆಕಿ ಮುಖಾನ ಬ್ಯಾರೆ ಆತು. ಮಾಂಸಕ್ಕ ಮಾತ್ರ ಅಕ್ಷರ ಇಲ್ಲ, ಅದನ್ನ ಬಾಯಿಲೇ ಕೇಳಬೇಕು. "ಓನೆ ಫ್ಲೈಶ್, ಓನೆ ಫಿಶ್, ಓನೆ ಆಯ್", ಮಾಂಸ, ಮೀನು, ತತ್ತಿ ಇಲ್ಲದ್ದು. ಚೀಟಿ ಮ್ಯಾಲೆ ಬರಕೊಂಡು ಪರ್ಸಿನಾಗ ಇಡ್ರಿ.

ಸಾಖರ್‌ಟೋರ್ಟೆ ಅಂತ ಚಾಕಲೇಟ್ ಕೇಕು ಆ ಊರಿನ ಹೆಸರಾದ ತಿನಿಸು, 1832ರಲ್ಲಿ ಹುಟ್ಟಿದ್ದಂತ. ಅದರಾಗ ತತ್ತಿ ಐತಿ, ಅತ್ತಿಯವರಿಗೆ ಬ್ಯಾಡ. ಸೇಬುಹಣ್ಣಿನ ಸ್ಟ್ರೂಡೆಲ್ ಕೇಳ್ರಿ. ಹಿಟ್ಟು, ನೀರು, ಎಣ್ಣಿ ನಾದಿ, ಹೋಳಗಿ ಕಣಕಕ್ಕಿಂತ ತೆಳ್ಳಗ, ಕೆಳಗಿನ ಕಾಗದ ಕಾಣೂವಷ್ಟು ಎಳೀತಾರ. ಒಳಗ ಸೇಬು, ಒಣದ್ರಾಕ್ಷಿ, ದಾಲ್ಚಿನ್ನಿ. ಕೆಲವರು ಕಣಕಕ್ಕ ತತ್ತಿ ಹಾಕತಾರ, ಅದಕ್ಕ ಅಲ್ಲೂ 'ಸಿ' ನೋಡ್ರಿ. ನಮ್ಮವ್ವ ಮೊದಲನೇ ತುತ್ತಿಗೆ ಕೇಳಿದ್ದು, "ಈ ಮಣುಕ ಎಲ್ಲಿದೋ? ನಮ್ಮ ತಿಕೋಟಾ ಕಡಿದಕ್ಕ ಸವಿ ಹೆಚ್ಚು."

ಅತ್ತಿಯವರನ್ನ ಕೂಡಿಸಾಕ ಜಾಗ ಅಂದ್ರ ಅಲ್ಲಿಯ ಕಾಫಿಮನಿ. ಗುಂಪೆಂಡೋರ್ಫರ್ ಬೀದಿಯ ಕಾಫೆ ಶ್ಪೆರ್ಲ್ 1880ರದು. ಹಳೇ ಸೋಫಾ, ಕಟ್ಟಿಗಿ ಹಿಡಿಗೆ ಸಿಗಸಿದ ಪೇಪರು, ಬಿಲಿಯರ್ಡ್ ಮೇಜು. ಒಂದು ಮೆಲಾಂಜ್ ತರಸಿದ್ರ, ಅದು ಹಾಲು ನೊರಿಯ ಕಾಫಿ, ಸಣ್ಣ ಬೆಳ್ಳಿ ಬಣ್ಣದ ತಾಟಿನಾಗ ಒಂದು ಗ್ಲಾಸ್ ನೀರೂ ಬರತೈತಿ. ಎರಡು ತಾಸು ಕುಂತ್ರೂ ಯಾರೂ ಏಳ್ರಿ ಅನ್ನೂದಿಲ್ಲ. ಆ ಕೂಡೂ ಪದ್ಧತಿನ 2011ರಲ್ಲಿ ಆಸ್ಟ್ರಿಯಾದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸ್ಯಾರ. ಚಾ ಕೇಳಿದ್ರ ಬಿಸಿ ನೀರು, ಪುಡಿ ಚೀಲ ಕೊಡತಾರ, ನಮ್ಮ ಕಡೆ ಚಾ ಕುಡದವರಿಗೆ ಅದು ಹಿಡಿಸೂದಿಲ್ಲ. ಬಿಸಿ ಚಾಕಲೇಟ್ ಹಾಲು ಕೇಳ್ರಿ.

ನೀರಿನ ಬಾಟ್ಲಿ ಕೊಳ್ಳಬ್ಯಾಡ್ರಿ. ನಳದ ನೀರ ಕುಡೀರಿ. ಆಲ್ಪ್ಸ್ ಗುಡ್ಡದ ಬುಗ್ಗಿ ನೀರು, 1873ರಲ್ಲಿ ಮೊದಲನೇ ಕಾಲುವಿ ಕಟ್ಟಿ ಪಂಪಿಲ್ಲದ, ಇಳಿಜಾರಿನ ಮ್ಯಾಲೆ ಊರಿಗೆ ತಂದಾರ. ಹಿಂದಕ ಬೇಗಂ ತಾಲಾಬ್ ಕೆರಿಯಿಂದ ಮಣ್ಣಿನ ಕೊಳವಿಯಾಗ ನೀರು ತರಿಸಿದ ಊರಿನಾಂವ ನಾನು, ಆ ನೀರು ಮೊದಲ ಸಲ ಕುಡದಾಗ ಮೈ ಝುಂ ಅಂತು. ಬಾಟ್ಲಿ ಕೊಂಡ್ರ 2025ರಿಂದ ಪ್ಲಾಸ್ಟಿಕ್ ಬಾಟ್ಲಿಗೆ, ಕುಡಿಯೂದರ ತಗಡಿನ ಡಬ್ಬಿಗೆ 25 ಸೆಂಟ್ ಠೇವಣಿ ಹಿಡೀತಾರ, ಅಂಗಡಿಯ ಮಶೀನಿಗೆ ವಾಪಸ್ ಹಾಕಿದ್ರ ಬರತೈತಿ.

ಈಗ ಶನಿವಾರದ ಮಾತು, ಇದು ಮುಖ್ಯ. ಬೆಳಗಾವಿಯಾಗ ರವಿವಾರದ ಹೆಸರಿನ ಪೇಟೆನ ಐತಿ, ವಿಯೆನ್ನಾದಾಗ ರವಿವಾರ ಪೇಟೆನ ಇಲ್ಲ. ಶನಿವಾರ ಸಂಜಿ 6ಕ್ಕ ಅಂಗಡಿ ಮುಚ್ಚಿದ್ರ ತೆರಿಯೂದು ಸೋಮವಾರ. ನೀವು ಶನಿವಾರ ರಾತ್ರಿ ಹೋಗತೀರಿ, ಮುಂಜಾನೆ ಹಾಲೂ ಸಿಗೂದಿಲ್ಲ ಅಂತ ಅಂಜಬ್ಯಾಡ್ರಿ. ಹೌಪ್ಟ್‌ಬಾನ್‌ಹೋಫ್, ಪ್ರಾಟರ್‌ಶ್ಟೆರ್ನ್ ಸ್ಟೇಶನ್ನಿನೊಳಗಿನ ಸೂಪರ್‌ಮಾರ್ಕೆಟ್ ರವಿವಾರನೂ ತೆರೆದಿರತಾವ. ಹೋಟೆಲು, ಕಾಫಿಮನಿಗೆ ಈ ತೊಂದರಿ ಇಲ್ಲ. ಅಕ್ಟೋಬರ್ 26 ಅವರ ರಾಷ್ಟ್ರೀಯ ದಿನ, ಅವತ್ತೂ ಅಂಗಡಿ ಬಂದ್.

ಸಂತಿ ಅಂದ್ರ ನಾಶ್‌ಮಾರ್ಕ್ಟ್. ಯು4 ಮೆಟ್ರೊದಾಗ ಕೆಟ್ಟೆನ್‌ಬ್ರೂಕನ್‌ಗಾಸ್ಸೆ ಸ್ಟೇಶನ್ನಿಗೆ ಇಳೀರಿ. ಆಲಿವ್, ಒಣಹಣ್ಣು, ಚೀಸಿನ ಅಂಗಡಿಯವರು ಕೈಯಾಗ ರುಚಿಗೆ ಇಟ್ಟು ಕರೀತಾರ, ತಿಂದ ಮ್ಯಾಲೆ ಸಂಕೋಚಕ್ಕ ಅರ್ಧ ಕಿಲೋ ಕಟ್ಟಸಬ್ಯಾಡ್ರಿ, ದರ ಮೊದಲ ಕೇಳ್ರಿ. ಅವರು 'ಡೇಕಾ' ಅನ್ನೂದು ಹತ್ತು ಗ್ರಾಂ. "ತ್ಸೇನ್ ಡೇಕಾ" ಅಂದ್ರ ನೂರು ಗ್ರಾಂ. ನಮ್ಮ ಅಜ್ಜಿ ಛಟಾಕು ಅಂದಂಗ ಅದು ಬಾಯಿಗೆ ಹಿಡದೈತಿ. ಶನಿವಾರ ಬಾಜೂಕ ಹಳೇ ಸಾಮಾನಿನ ಸಂತಿ ಕೂಡತೈತಿ, ಮುಂಜಾನೆ ಹೋಗ್ರಿ. ದರ ಕಡಿಮಿ ಬೇಕಂದ್ರ ಒಟ್ಟಾಕ್ರಿಂಗದ ಬ್ರುನ್ನೆನ್‌ಮಾರ್ಕ್ಟ್. ತುರ್ಕಿಯವರ ಅಂಗಡಿ ಬಹಳ, ಬದನಿಕಾಯಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಸಿಗತಾವ. ಕುಂದಾನಗರಿಯವರು ಹೇಳಿದ ಅಡಿಗಿಮನಿ ಮಾತು ನಾನೂ ಒಪ್ಪತೀನಿ, ಆದ್ರ ಅರ್ಧ. ಮುಂಜಾನೆ, ರಾತ್ರಿ ಮನ್ಯಾಗ. ಮಧ್ಯಾಹ್ನ ಹೊರಗ ಕೂಡಲೇಬೇಕು.

ಅಕ್ಟೋಬರದಾಗ ಬೀದಿ ಮೂಲ್ಯಾಗ ಕೆಂಡದ ಮ್ಯಾಲೆ ಚೆಸ್ಟ್‌ನಟ್ ಸುಡತಾರ, 'ಮರೋನಿ' ಅಂತಾರ. ಸುಟ್ಟ ಗೆಣಸಿನ ರುಚಿ. ಕಾಗದದ ಪೊಟ್ಟಣದಾಗ ಬಿಸಿ ಬಿಸಿ ಕೊಡತಾರ, ನಮ್ಮವ್ವ ಎರಡೂ ಕೈಯಾಗ ಹಿಡಕೊಂಡು ಮೊದಲ ಚಳಿ ಕಾಸಿಕೊಂಡಳು.

ಇನ್ನ ಸಾಮಾನು. ನಾದಿನಿಯರಿಗೆ ಮಾನ್ನರ್ ವೇಫರ್, ಗುಲಾಬಿ ಪೊಟ್ಟಣ, 1898ರಿಂದ ಮಾಡತಾರ. ಸ್ಟೀಫನ್ ಚರ್ಚಿನ ಎದರಿಗೆ ಅವರದ ಅಂಗಡಿ ಐತಿ. ಮೂಲ ಹ್ಯಾಝೆಲ್‌ನಟ್ ವೇಫರಿನಾಗ ತತ್ತಿ ಇಲ್ಲ. ಅತ್ತಿಯವರಿಗೆ ರೀಸ್ ಕಂಪನಿಯ ಎನಾಮಲ್ ಪಾತ್ರಿ. ಹಿಂದಕ ಅಜ್ಜಿಯರ ಮನ್ಯಾಗ ಬಿಳಿ ತಾಟು, ನೀಲಿ ಅಂಚು ಇರತಿದ್ವಲ್ಲ, ಆ ಜಾತಿ. ಇಬ್ಸಿಟ್ಸ್ ಅನ್ನೂ ಊರಾಗ 1922ರಿಂದ ಎನಾಮಲ್ ಮಾಡಾಕ ಹತ್ಯಾರ. ನಮ್ಮವ್ವ ತಂದ ಹಾಲಿನ ಪಾತ್ರಿಯಾಗ ಇವತ್ತಿಗೂ ಚಾ ಕುದೀತೈತಿ. ಒಂದ ಅಂಗಡಿಯಾಗ 75 ಯುರೋ ದಾಟಿದ್ರ ಪಾಸ್‌ಪೋರ್ಟ್ ತೋರಿಸಿ ತೆರಿಗಿ ವಾಪಸಿನ ಫಾರ್ಮ್ ಕೇಳ್ರಿ, ವಿಮಾನ ನಿಲ್ದಾಣದಾಗ ಬ್ಯಾಗ್ ಒಪ್ಪಿಸೂ ಮೊದಲ ಕಸ್ಟಮ್ಸ್ ಮುದ್ರಿ ಹಾಕಸಬೇಕು.

ನವನಗರದ ಸೊಸಿ, ಬಾಗಲಕೋಟೆ:

ಅಣ್ಣಾರ, ನಿಮ್ಮದು ಅತ್ತಿಯವರಿಗೆ ಓದಿ ಹೇಳಿದೆ. ಸೂಪಿನ ಮಾತಿಗೆ ಸುಮ್ಮನಾದ್ರು. ಆಮ್ಯಾಲೆ "ಆ 'ಸಿ' ಅಕ್ಷರ ಹೆಂಗ ಇರತೈತಿ, ಬರದು ತೋರಸು" ಅಂದ್ರು. ಇನ್ನೆರಡು ಪ್ರಶ್ನೆ. ಅಲ್ಲಿ ಖಸಖಸಿ ಚಲೋ ಇರತೈತಂತ, ಹೋಳಗಿಗೆ, ಪಾಯಸಕ್ಕ ತರಬಹುದಾ? ಹೋಟೆಲ್ಲಿನಾಗ ಬಕ್ಷೀಸು ಎಷ್ಟು ಕೊಡೂದು?

ಗುಮ್ಮಟದ ಓಣಿ, ವಿಜಯಪುರ:

ಖಸಖಸಿ ಬ್ಯಾಡವೇ ಬ್ಯಾಡ ಅಕ್ಕಾರ! ನೀವು ದುಬೈ ಮ್ಯಾಲೆ ಬರೋರು. ಆ ದೇಶದಾಗ ಖಸಖಸಿಗೆ ನಿಷೇಧ ಐತಿ, ಮಾದಕ ವಸ್ತುವಿನ ಕಾಯ್ದೆಯೊಳಗ ಹಿಡೀತಾರ. ಹೋಗೂವಾಗ ಗರಮ್ ಮಸಾಲಿ ಪುಡಿಯಾಗ ಹಾಕಿದ್ರೂ ಅದನ್ನ ಮನ್ಯಾಗ ಬಿಟ್ಟು ಹೋಗ್ರಿ. ತಿನ್ನೂದಿದ್ರ ವಿಯೆನ್ನಾದಾಗ 'ಮೋನ್' ಅಂತ ಕೇಳ್ರಿ, ಖಸಖಸಿ ಅರದು ತುಂಬಿದ ಸ್ಟ್ರೂಡೆಲ್ ಸಿಗತೈತಿ, 'ಸಿ' ಇಲ್ಲದ್ದು ನೋಡಿ ತಗೋರಿ.

ಬಕ್ಷೀಸು ನೂರಕ್ಕ ಐದರಿಂದ ಹತ್ತು. ಮೇಜಿನ ಮ್ಯಾಲೆ ಬಿಟ್ಟು ಬರೂ ಪದ್ಧತಿ ಅಲ್ಲ. ಬಿಲ್ 37 ಯುರೋ ಆಗಿದ್ರ ರೊಕ್ಕಾ ಕೊಡೂವಾಗ "ನಲವತ್ತು" ಅಂತ ಬಾಯಿಲೇ ಹೇಳ್ರಿ, ಉಳದದ್ದು ಅವರದು. ಬುಟ್ಟಿಯಾಗ ಬ್ರೆಡ್ ಇಟ್ಟು ಹೋದ್ರ ತಿಂದಷ್ಟಕ್ಕ ಬಹಳ ಕಡೆ ಲೆಕ್ಕ ಹಚ್ಚತಾರ, ಬ್ಯಾಡಾದ್ರ ಮುಟ್ಟಬ್ಯಾಡ್ರಿ.

ನವನಗರದ ಸೊಸಿ, ಬಾಗಲಕೋಟೆ:

ಮಸಾಲಿ ಡಬ್ಬಿ ಈಗ ತಗದಿಟ್ಟೆ, ಅದರಾಗ ಖಸಖಸಿ ಇತ್ರಿ. ಅತ್ತಿಯವರು ಕೇಳಾಕ ಹತ್ಯಾರ, ನಿಮ್ಮವ್ವಾರ ಆ ಪಾತ್ರಿಯಾಗ ಎಷ್ಟು ಹಾಲು ಹಿಡೀತೈತಿ?

ಗುಮ್ಮಟದ ಓಣಿ, ವಿಜಯಪುರ:

ಅವ್ವನ್ನ ಕೇಳಿ ಬಂದೆ. ಒಂದು ಲೀಟರ್ ಹಾಕಿದ್ರ ಉಕ್ಕಾಕ ಎರಡು ಬೆರಳು ಜಾಗ ಉಳೀತೈತಂತ. ಹಿಡಿ ಕಾಯತೈತಿ, ಅರಿವಿ ಹಿಡಕೋ ಅಂತ ಹೇಳು ಅಂದಳು.