ಬೆಲೆಗೆ ‘ಜಗ್ಗದ’ ಬೇಡಿಕೆ ಎನ್ನಬಹುದೇ? ‘ಸ್ಥಿತಿಸ್ಥಾಪಕತ್ವ’ದ ಬಗ್ಗೆ ಒಂದು ಪ್ರಶ್ನೆ

ಗೆಳೆಯರೆ,

ಅರ್ಥಶಾಸ್ತ್ರವನ್ನು ಹೊಸದಾಗಿ ಓದುವವರಿಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಇಂಗ್ಲಿಷಿನ ‘ಎಲಾಸ್ಟಿಸಿಟಿ’ಗೆ ಪಠ್ಯಪುಸ್ತಕಗಳ ಪದ ಇದೇ. ನಾನೂ ಇದನ್ನೇ ಬಾಯಿಪಾಠ ಮಾಡಿ ಪರೀಕ್ಷೆ ಬರೆದವನು. ಈಗ ಇನ್ನೊಬ್ಬರಿಗೆ ಬಿಡಿಸಿ ಹೇಳಲು ಕೂತರೆ ಪದವೇ ಅಡ್ಡ ಬರುತ್ತಿದೆ.

ವಿಷಯ ಕಷ್ಟದ್ದಲ್ಲ. ಬೆಲೆ ಏರಿದರೆ ಜನ ಕೊಳ್ಳುವುದು ಕಡಿಮೆಯಾಗುತ್ತದೆ. ಎಷ್ಟು ಕಡಿಮೆ ಎಂಬುದೇ ಪ್ರಶ್ನೆ. ಉಪ್ಪಿನ ಬೆಲೆ ಶೇ. 10 ಏರಿತು, ಮಾರಾಟ ಶೇ. 2 ಮಾತ್ರ ಇಳಿಯಿತು ಅಂದುಕೊಳ್ಳಿ. 2ನ್ನು 10ರಿಂದ ಭಾಗಿಸಿದರೆ 0.2. ಉತ್ತರ 1ಕ್ಕಿಂತ ಕಡಿಮೆ ಇದ್ದರೆ ಬೇಡಿಕೆ ‘ಇನೆಲಾಸ್ಟಿಕ್’. ಬೇರೊಂದು ವಸ್ತುವಿನ ಬೆಲೆಯೂ ಅಷ್ಟೇ ಏರಿ, ಮಾರಾಟ ಶೇ. 20 ಬಿದ್ದರೆ ಉತ್ತರ 2. ಅದು ‘ಎಲಾಸ್ಟಿಕ್’. ಮೊದಲನೆಯದರಲ್ಲಿ ಮಾರುವವರ ಒಟ್ಟು ವರಮಾನ ಸುಮಾರು ಶೇ. 8 ಏರುತ್ತದೆ. ಎರಡನೆಯದರಲ್ಲಿ ಶೇ. 12 ಇಳಿಯುತ್ತದೆ. ಇಷ್ಟು ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ.

ಈಗ ಪದಕ್ಕೆ ಬರೋಣ. ಸ್ಥಿತಿಸ್ಥಾಪಕ ಅಂದರೆ ಮೊದಲಿನ ಸ್ಥಿತಿಯನ್ನು ಮತ್ತೆ ಸ್ಥಾಪಿಸುವಂಥದ್ದು. ಭೌತಶಾಸ್ತ್ರಕ್ಕೆ ಇದು ಹೇಳಿ ಮಾಡಿಸಿದ ಪದ. ಅಲ್ಲಿ ಗಮನವೆಲ್ಲ ಎಳೆದದ್ದು ಮರಳಿ ಬರುವುದರ ಮೇಲೆ. ಸುಲಭವಾಗಿ ಎಳೆಯಲು ಬಾರದ ಉಕ್ಕು ರಬ್ಬರಿಗಿಂತ ಹೆಚ್ಚು ಸ್ಥಿತಿಸ್ಥಾಪಕ ಎಂದು ಅಲ್ಲಿ ಕಲಿಸುತ್ತಾರೆ. ಬೇಡಿಕೆಯ ವಿಷಯದಲ್ಲಿ ಮರಳಿ ಬರುವ ಮಾತೇ ಇಲ್ಲ. ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು, ಅಷ್ಟೇ. ಜಾಸ್ತಿ ಹಿಗ್ಗಿದ್ದೇ ಇಲ್ಲಿ ಜಾಸ್ತಿ ‘ಎಲಾಸ್ಟಿಕ್’. ಎರಡೂ ಪಾಠಗಳನ್ನು ಒಂದೇ ವರ್ಷ ಓದುವ ಹುಡುಗರಿಗೆ ತಲೆ ಕೆಡದೆ ಇರುತ್ತದೆಯೇ?

ಇಂಗ್ಲಿಷಿನಲ್ಲಿ ಈ ತೊಂದರೆ ಕಡಿಮೆ. ‘ಎಲಾಸ್ಟಿಕ್’ ಎಂಬ ಪದ 17ನೇ ಶತಮಾನದಲ್ಲಿ ಗಾಳಿಯ ಗುಣ ಹೇಳಲು ಹುಟ್ಟಿದ್ದು. ಆಮೇಲೆ ಆಡುಮಾತಿಗೆ ಇಳಿದು, ಎಳೆದಷ್ಟೂ ಬರುವಂಥದ್ದು ಎಂಬ ಅರ್ಥ ಪಡೆಯಿತು. 1890ರಲ್ಲಿ ಆಲ್ಫ್ರೆಡ್ ಮಾರ್ಷಲ್ ತಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಅದನ್ನು ಬೇಡಿಕೆಗೆ ಅಂಟಿಸಿದಾಗ ಓದುಗರ ಕಿವಿಗೆ ಈ ಅರ್ಥ ಆಗಲೇ ಇತ್ತು. ನಮ್ಮ ‘ಸ್ಥಿತಿಸ್ಥಾಪಕ’ ಆಡುಮಾತಿಗೆ ಇಳಿಯಲೇ ಇಲ್ಲ. ಭೌತಶಾಸ್ತ್ರದ ಅರ್ಥವನ್ನು ಹೊತ್ತುಕೊಂಡೇ ಇಲ್ಲಿಗೆ ಬಂತು.

ಇನ್ನೂ ಕಾಡುವುದು ಅದರ ವಿರುದ್ಧ ಪದ. ‘ಅಸ್ಥಿತಿಸ್ಥಾಪಕ ಬೇಡಿಕೆ’ ಎಂದು ಬರೆಯುವುದುಂಟು. ಕಣ್ಣಿಗೆ ಮೊದಲು ಬೀಳುವುದು ‘ಅಸ್ಥಿತಿ’. ಕಿವಿಗೆ ‘ಅಸ್ಥಿರ’ ಅಂದ ಹಾಗೇ ಕೇಳುತ್ತದೆ. ಆದರೆ ಬೆಲೆ ಏನೇ ಆದರೂ ಹೆಚ್ಚು ಅಲುಗಾಡದ ಬೇಡಿಕೆ ಇದೇ ಅಲ್ವಾ? ಇನ್ಸುಲಿನ್ ಬೇಕಾದವರು ಬೆಲೆ ಏರಿತೆಂದು ಅರ್ಧ ಮಾತ್ರ ತೆಗೆದುಕೊಂಡು ಸುಮ್ನೆ ಇರಲು ಆಗುವುದಿಲ್ಲ. ಅಂಥ ಗಟ್ಟಿ ಬೇಡಿಕೆಗೆ ಅಲುಗಾಟದ ಹೆಸರು ಇಟ್ಟಿದ್ದೇವೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬದಲಿ ಪದಗಳಲ್ಲಿ ‘ನಮ್ಯ’, ‘ಅನಮ್ಯ’ ಚಿಕ್ಕವು, ಹೇಳಲು ಸುಲಭ. ಆದರೆ ನಮ್ಯತೆಯನ್ನು ‘ಫ್ಲೆಕ್ಸಿಬಿಲಿಟಿ’ಗೆ ಬಳಸುತ್ತೇವೆ. ಅರ್ಥಶಾಸ್ತ್ರದಲ್ಲಿ ‘ಪ್ರೈಸ್ ಫ್ಲೆಕ್ಸಿಬಿಲಿಟಿ’ ಬೇರೆಯೇ ಇದೆ. ಅಲ್ಲಿ ಪ್ರಮಾಣ ಬದಲಾದಾಗ ಬೆಲೆ ಎಷ್ಟು ಬದಲಾಯಿತು ಎಂದು ನೋಡುತ್ತಾರೆ, ಲೆಕ್ಕ ತಿರುವುಮುರುವು. ‘ಸ್ಪಂದನೆ’ ಅರ್ಥಕ್ಕೆ ಹತ್ತಿರ. ಮಾರ್ಷಲ್ ಕೂಡ ತಮ್ಮ ಪದದ ಪಕ್ಕದಲ್ಲೇ ಸ್ಪಂದಿಸುವ ಗುಣ ಎಂಬ ಅರ್ಥದ ಪದವನ್ನು ಇಟ್ಟಿದ್ದರು. ಆದರೆ ಎಳೆತದ ಚಿತ್ರ ಅದರಲ್ಲಿ ಕಾಣುವುದಿಲ್ಲ.

ನನ್ನ ಮನಸ್ಸು ಹೋಗಿರುವುದು ‘ಜಗ್ಗು’ ಎಂಬ ಮಾತಿನ ಮೇಲೆ. ಜಗ್ಗು ಅಂದರೆ ಎಳೆ. ಜಗ್ಗು ಅಂದರೆ ಮಣಿ, ಬಾಗು ಎಂದೂ ಹೌದು. ‘ಯಾವ ಬೆದರಿಕೆಗೂ ಜಗ್ಗಲಿಲ್ಲ’ ಎನ್ನುತ್ತೇವಲ್ಲ. ಬೆಲೆಗೆ ಜಗ್ಗುವ ಬೇಡಿಕೆ, ಬೆಲೆಗೆ ಜಗ್ಗದ ಬೇಡಿಕೆ. ವಿವರಣೆಯೇ ಬೇಡ. ಇದರಲ್ಲಿ ಇನ್ನೊಂದು ಲಾಭವೂ ಇದೆ. ‘ಸ್ಥಿತಿಸ್ಥಾಪಕ ವಸ್ತು’ ಎಂದು ಬರೆದು ಗುಣವನ್ನು ವಸ್ತುವಿಗೇ ಹಚ್ಚುವವರಿದ್ದಾರೆ. ಅದು ತಪ್ಪು. ಸಾಬೂನಿನ ಒಟ್ಟು ಬೇಡಿಕೆ ಬೆಲೆಗೆ ಅಷ್ಟಾಗಿ ಜಗ್ಗುವುದಿಲ್ಲ. ಒಂದೇ ಬ್ರ್ಯಾಂಡಿನ ಸಾಬೂನು ದುಬಾರಿಯಾದರೆ ಜನ ಪಕ್ಕದ್ದನ್ನು ತೆಗೆದುಕೊಳ್ಳುತ್ತಾರೆ. ಪೆಟ್ರೋಲಿನ ಬೇಡಿಕೆ ತಿಂಗಳೊಪ್ಪತ್ತಿನಲ್ಲಿ ಜಗ್ಗದು. ವರ್ಷಗಳು ಕಳೆದರೆ ಜನ ವಾಹನವನ್ನೇ ಬದಲಿಸುತ್ತಾರೆ, ಆಗ ಜಗ್ಗುತ್ತದೆ. ‘ಜಗ್ಗುವ ವಸ್ತು’ ಎಂದು ಬರೆಯಲು ಹೋದರೆ ತಪ್ಪು ತಾನೇ ಕಿವಿಗೆ ಹೊಡೆಯುತ್ತದೆ.

ಪದ ಇಲ್ಲದೆಯೂ ಈ ಮಾತನ್ನು ಹೇಳಿದವರಿದ್ದಾರೆ. ಇಂಗ್ಲೆಂಡಿನಲ್ಲಿ 1699ರಲ್ಲಿ ಚಾರ್ಲ್ಸ್ ಡಾವೆನಂಟ್ ಅಚ್ಚು ಮಾಡಿಸಿದ ಲೆಕ್ಕವೊಂದಿದೆ. ಅದನ್ನು ಅದೇ ಕಾಲದ ಅಂಕಿಅಂಶ ತಜ್ಞ ಗ್ರೆಗರಿ ಕಿಂಗ್ ಹೆಸರಿನಿಂದ ಕರೆಯುತ್ತಾರೆ. ಧಾನ್ಯದ ಬೆಳೆ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ, ಅರ್ಧ ಬೆಳೆ ಹೋದರೆ ಹತ್ತರಲ್ಲಿ 45 ಪಾಲು, ಅಂದರೆ ಮೊದಲಿನ ಬೆಲೆಯ ನಾಲ್ಕೂವರೆ ಪಟ್ಟು, ಏರುತ್ತದೆ ಎಂದು ಅದು ಹೇಳುತ್ತದೆ. ಬೆಲೆ ಅಷ್ಟೊಂದು ಏರಿದರೂ ಕೊಳ್ಳುವುದು ಅಷ್ಟಾಗಿ ಇಳಿಯಲಿಲ್ಲ. ಬೆಲೆಗೆ ಜಗ್ಗದ ಬೇಡಿಕೆ ಅಂದರೆ ಏನು ಅನ್ನುವುದು ಅದರಲ್ಲೇ ಕಾಣುತ್ತದೆ.

ಈಗ ನನ್ನ ತೊಡಕುಗಳು. ಆದಾಯ ಏರಿದಾಗ ಬೇಡಿಕೆಯೂ ಏರಿದರೆ ‘ಆದಾಯಕ್ಕೆ ಜಗ್ಗಿತು’ ಅನ್ನಬಹುದೇ? ಜಗ್ಗು ಅಂದರೆ ಕೆಳಗೆ ಬಾಗುವ ಚಿತ್ರವೇ ನನಗೆ ಬರುತ್ತದೆ. ಉತ್ತರ ಕರ್ನಾಟಕದ ಕಡೆ ‘ಜಗ್ಗಿ’ ಅಂದರೆ ಬಹಳ. ಅಲ್ಲಿಯವರಿಗೆ ‘ಜಗ್ಗುವ ಬೇಡಿಕೆ’ ಎಂದರೆ ದೊಡ್ಡ ಬೇಡಿಕೆ ಅನ್ನಿಸೀತೇ? 0.2, 2 ಎಂಬ ಆ ಅಳತೆಗೆ ಒಂದು ಹೆಸರೂ ಬೇಕು. ‘ಜಗ್ಗುವಿಕೆ’ ಸಪ್ಪೆ ಅನ್ನಿಸುತ್ತದೆ, ‘ಜಗ್ಗಳತೆ’ ಬರೆದು ನೋಡಿದೆ, ಹೊಡೆದು ಹಾಕಿದೆ. ನಿಮ್ಮ ಕಡೆ ಎಳೆದರೆ ಹಿಗ್ಗುವುದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ಬರೆಯಿರಿ.