ಎದುರಿನ ಅಂಗಡಿಯ ಬೋರ್ಡು, ಬಣ್ಣದ ತಕರಾರು: ಅಳೆದು ಬಗೆಹರಿಸುವುದು ಹೇಗೆ?

ಕಿಟಕಿಬದಿ (ಪ್ರಶ್ನೆ)

ಕೆಳಗೆ ಅಂಗಡಿ, ಮೇಲೂ ಎದುರೂ ಮನೆಗಳಿರುವ ಬೀದಿ. ಒಂದು ಅಂಗಡಿಯವರು ಮುಂಗಟ್ಟನ್ನು ಪೂರ್ತಿ ಬದಲಾಯಿಸಿದ್ದಾರೆ. 3 ಮೀಟರ್ ಅಗಲ, 1 ಮೀಟರ್ ಎತ್ತರದ ಬೋರ್ಡು. ಒಳಗಿನಿಂದ ಎಲ್‌ಇಡಿ ಬೆಳಕು, ಬಿಳಿ ಹಿನ್ನೆಲೆ, ಅದೂ ನೀಲಿ ಕಡೆಗೆ ವಾಲಿದ ಬಿಳಿ. ರಾತ್ರಿಯಿಡೀ ಉರಿಯುತ್ತದೆ. ಬೋರ್ಡಿನ ಕೆಳಗಿನ ಗೋಡೆಗೆಲ್ಲ ಢಾಳಾದ ಕೆಂಪು ಬಳಿದಿದ್ದಾರೆ. ಎದುರು ಮನೆಗಳ ಕಿಟಕಿಗೂ ಬೋರ್ಡಿಗೂ ಸುಮಾರು 8 ಮೀಟರ್ ಅಂತರ.

ನಿವಾಸಿಗಳು "ಬೀದಿಯ ಅಂದವೇ ಹಾಳಾಯಿತು" ಅನ್ನುತ್ತಾರೆ. ಅಂಗಡಿಯವರು "ನನ್ನ ಅಂಗಡಿ ನಾಲ್ಕು ಜನರ ಕಣ್ಣಿಗೆ ಬೀಳಬೇಡವೇ" ಅನ್ನುತ್ತಾರೆ. ಎರಡು ಸಭೆ ಆದರೂ ಮಾತು ಒಂದಿಂಚು ಮುಂದೆ ಹೋಗಿಲ್ಲ. ಬೆಳಕು ಜಾಸ್ತಿ ಅನ್ನುವುದನ್ನು ತೋರಿಸಿಕೊಡುವುದು ಹೇಗೆ? ಬೋರ್ಡು ಕಿತ್ತುಹಾಕದೆ ಸರಿಮಾಡಲು ದಾರಿ ಇದೆಯೇ? ಬಣ್ಣದ ಬಗ್ಗೆ ಏನಾದರೂ ಕೇಳಲು ನಮಗೆ ನ್ಯಾಯವಾದ ಆಧಾರ ಇದೆಯೇ?

ಲಕ್ಸ್‌ಲೆಕ್ಕ

ಮೊದಲು ಬೆಳಕು ಮತ್ತು ಅಂದ ಎರಡನ್ನೂ ಬೇರೆ ಮಾಡಿ. ಒಂದೇ ಅರ್ಜಿಯಲ್ಲಿ ಎರಡನ್ನೂ ಸೇರಿಸಿದರೆ ಅಂಗಡಿಯವರು ರುಚಿಯ ಮಾತನ್ನಷ್ಟೇ ಹಿಡಿದುಕೊಂಡು ಇಡೀ ದೂರನ್ನು ತಳ್ಳಿಹಾಕುತ್ತಾರೆ. ಬೆಳಕನ್ನು ಅಳೆಯಬಹುದು. ಅಲ್ಲಿಂದ ಶುರುಮಾಡಿ.

ಅಂತರರಾಷ್ಟ್ರೀಯ ಬೆಳಕಿನ ಆಯೋಗದ (ಸಿಐಇ) 150ನೇ ಮಾರ್ಗದರ್ಶಿ ಇದಕ್ಕೆಂದೇ ಇದೆ. 2003ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆ ಆಯಿತು. ಅದು ಪ್ರದೇಶಗಳನ್ನು ಸುತ್ತಲಿನ ಬೆಳಕಿಗೆ ತಕ್ಕಂತೆ ವಿಂಗಡಿಸುತ್ತದೆ. ಸಾಮಾನ್ಯ ಜನವಸತಿಯ ಬೀದಿ ಇ3, ಊರ ನಡುವಿನ ಪೇಟೆ ಇ4. ಇ3ರಲ್ಲಿ ಕಿಟಕಿಯ ಮೇಲೆ ಬೀಳುವ ಬೆಳಕು ಸಂಜೆ ಹೊತ್ತು 10 ಲಕ್ಸ್ (ಒಂದು ಮೈಮೇಲೆ ಬೀಳುವ ಬೆಳಕಿನ ಅಳತೆ), ತಡರಾತ್ರಿ 2 ಲಕ್ಸ್ ದಾಟಬಾರದು. ಇ4ರಲ್ಲಿ 25 ಮತ್ತು 5. ಬೋರ್ಡಿನ ಮೈಯ ಹೊಳಪಿಗೆ ಬೇರೆಯೇ ಮಿತಿ ಇದೆ: ಇ3ಗೆ 800 ನಿಟ್, ಇ4ಗೆ 1000 ನಿಟ್ (ನಿಟ್ ಅಂದರೆ ಹೊಳಪಿನ ಅಳತೆ; ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ ಅಂದರೆ ಒಂದು ನಿಟ್). ಎರಡೂ ಮಿತಿಗಳನ್ನು ಪಾಲಿಸಬೇಕು. ಬರೀ ನಿಟ್ ತೋರಿಸಿ "ನಮ್ಮದು ಮಿತಿಯೊಳಗೇ ಇದೆ" ಅಂದರೆ ಒಪ್ಪಿಕೊಳ್ಳಬೇಡಿ. ಇದು ಎಲ್ಲ ಕಡೆಯೂ ಕಾನೂನಲ್ಲ, ಆದರೆ ಎರಡೂ ಪಕ್ಷಕ್ಕೆ ಹೊರಗಿನದಾದ ಒಂದು ಅಳತೆಗೋಲು.

ಅಂದಾಜಿನ ಲೆಕ್ಕ ಸುಲಭ. ಹೊಳಪನ್ನು ಬೆಳಗುವ ವಿಸ್ತೀರ್ಣದಿಂದ ಗುಣಿಸಿ, ದೂರದ ವರ್ಗದಿಂದ ಭಾಗಿಸಿ. ನಿಮ್ಮ ಬೋರ್ಡು 3 ಚದರ ಮೀಟರ್. ಹೊಳಪು 1000 ನಿಟ್ ಅಂತಿಟ್ಟುಕೊಂಡರೆ 3000 ಭಾಗ 64, ಅಂದರೆ ಕಿಟಕಿಯಲ್ಲಿ ಸುಮಾರು 47 ಲಕ್ಸ್. 800 ನಿಟ್‌ಗೆ ಇಳಿಸಿದರೂ 37. ಓರೆಯಲ್ಲಿರುವ ಕಿಟಕಿಗೆ ಇದಕ್ಕಿಂತ ಕಡಿಮೆ ಬೀಳುತ್ತದೆ. ನೇರ ಎದುರಿನ ಕಿಟಕಿಯದು ಅತಿ ಕೆಟ್ಟ ಪರಿಸ್ಥಿತಿ.

ಅಳೆಯುವಾಗ 0.1 ಲಕ್ಸ್‌ವರೆಗೆ ತೋರಿಸುವ ಮೀಟರ್ ತನ್ನಿ. ಫೋನಿನ ಆ್ಯಪ್ ಬೇಡ, ಕಡಿಮೆ ಬೆಳಕಿನಲ್ಲಿ ಅದರ ಅಂಕಿಗೆ ಬೆಲೆಯಿಲ್ಲ. ಕತ್ತಲಾಗಿ ಒಂದು ಗಂಟೆ ಕಳೆದ ಮೇಲೆ ಕೋಣೆಯ ದೀಪ ಆರಿಸಿ, ಗಾಜಿನ ಹೊರಗೆ ಮೀಟರಿನ ಕಣ್ಣನ್ನು ಕಿಟಕಿಯ ಮಟ್ಟಕ್ಕೆ ನೆಟ್ಟಗೆ ಹೊರಮುಖವಾಗಿ ಹಿಡಿಯಿರಿ. ಬೋರ್ಡು ಉರಿಯುವಾಗ ಒಮ್ಮೆ, ಆರಿಸಿ ಇನ್ನೊಮ್ಮೆ. ಎರಡರ ವ್ಯತ್ಯಾಸವೇ ಬೋರ್ಡಿನ ಪಾಲು. ಆರಿಸದೆ ಅಳೆದರೆ ಬೀದಿದೀಪದ ಬೆಳಕೂ ಅಂಗಡಿಯವರ ತಲೆಗೆ ಕಟ್ಟಿದಂತೆ ಆಗುತ್ತದೆ, ಅವರು ಅದನ್ನು ಎತ್ತಿ ಆಡುವುದು ಸರಿಯೇ. ಆರಿಸಲು ಹೇಗೂ ಅವರೇ ಬೇಕು, ಹಾಗಾಗಿ ಅವರನ್ನೇ ಕರೆದು ಅವರ ಕೈಗೇ ಮೀಟರ್ ಕೊಡಿ.

ರಾತ್ರಿ ತೆಗೆದ ಫೋಟೊಗಳನ್ನು ಸಾಕ್ಷಿಯೆಂದು ಹಂಚಬೇಡಿ. ಕತ್ತಲ ಬೀದಿಗೆ ಹೊಂದಿಸಿಕೊಳ್ಳಲು ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚಿಸುತ್ತದೆ, ಬೋರ್ಡು ಇರುವುದಕ್ಕಿಂತ ಹತ್ತು ಪಾಲು ಭಯಂಕರವಾಗಿ ಕಾಣುತ್ತದೆ. ಜಗಳ ಹೆಚ್ಚಿಸುವುದಕ್ಕೆ ಇಂಥ ಒಂದು ಚಿತ್ರ ಸಾಕು.

ಅಕ್ಷರಕೆಲಸ

ಮೇಲಿನವರು ಹೇಳಿದ 1000 ನಿಟ್ ಉತ್ಪ್ರೇಕ್ಷೆಯಲ್ಲ. ಈ ಅಳತೆಯ ಡಬ್ಬಿ ಬೋರ್ಡಿನಲ್ಲಿ 10 ಸೆಂ.ಮೀ.ಗೆ ಒಂದರಂತೆ ಮಾಡ್ಯೂಲ್ (ಎಲ್‌ಇಡಿ ಕೂರಿಸಿದ ಪುಟ್ಟ ಬಿಲ್ಲೆ) ಅಂಟಿಸುವುದು ರೂಢಿ. ಚದರ ಮೀಟರಿಗೆ 100, ಒಟ್ಟು 300. ಒಂದೊಂದು 0.72 ವ್ಯಾಟ್ ಅಂದರೆ 216 ವ್ಯಾಟ್, 12 ವೋಲ್ಟ್‌ನಲ್ಲಿ 18 ಆಂಪಿಯರ್. ಹಾಲುಬಿಳಿ ಅಕ್ರಿಲಿಕ್ ಅರ್ಧ ಬೆಳಕನ್ನು ನುಂಗಿದರೂ ಸಾವಿರದ ಆಸುಪಾಸು ನಿಟ್ ಬರುತ್ತದೆ. ಇಷ್ಟೊಂದು ಮಾಡ್ಯೂಲ್ ಹಾಕುವುದು ಬೆಳಕಿನ ಆಸೆಗಲ್ಲ, ಮುಖದ ಮೇಲೆ ಚುಕ್ಕಿ ಚುಕ್ಕಿ ಕಾಣಬಾರದು ಅಂತ. ಹಾಗಾಗಿ "ಅರ್ಧ ಮಾಡ್ಯೂಲ್ ಕಿತ್ತುಬಿಡಿ" ಅಂತ ಸಲಹೆ ಕೊಡಬೇಡಿ, ಬೋರ್ಡು ಮಚ್ಚೆ ಮಚ್ಚೆಯಾಗಿ ಇನ್ನೂ ಅಸಹ್ಯ ಕಾಣುತ್ತದೆ.

ಬೆಳಕು ತಗ್ಗಿಸುವ ಡಿಮ್ಮರ್ ಹಾಕಿಸಿ. ಅದು ಬರಬೇಕಾದ್ದು ಪವರ್ ಸಪ್ಲೈ ಮತ್ತು ಮಾಡ್ಯೂಲ್‌ಗಳ ನಡುವೆ, 12 ವೋಲ್ಟ್ ಕಡೆ. ಮನೆಯ ಬಲ್ಬಿಗೆ ಹಾಕುವ ಡಿಮ್ಮರನ್ನು ಮೇನ್ಸ್ ಕಡೆ ಕೂರಿಸಿದರೆ ಸಪ್ಲೈ ಮಿನುಗುತ್ತದೆ, ಕೊನೆಗೆ ಸುಡುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 8 ಆಂಪಿಯರ್ ಡಿಮ್ಮರ್ ಈ 18 ಆಂಪಿಯರ್ ತಡೆಯುವುದಿಲ್ಲ. 30 ಆಂಪಿಯರಿನದು ಹಾಕಿ, ಇಲ್ಲವೇ ಬೋರ್ಡನ್ನು ಎರಡು ಭಾಗ ಮಾಡಿ ತಲಾ 150 ವ್ಯಾಟ್‌ನ ಎರಡು ಸಪ್ಲೈ, ಎರಡು ಡಿಮ್ಮರ್ (ತಲಾ 15 ಆಂಪಿಯರಿನವು) ಕೊಡಿ. ಸಪ್ಲೈ ಮೇಲೆ ಶೇ. 80ಕ್ಕಿಂತ ಹೆಚ್ಚು ಹೊರೆ ಬೇಡ. ಡಿಮ್ಮರಿನ ಪಿಡಬ್ಲ್ಯೂಎಂ ಆವರ್ತನ (ಬೆಳಕು ತಗ್ಗಿಸಲು ಅದು ಸೆಕೆಂಡಿಗೆ ಎಷ್ಟು ಸಲ ಹೊತ್ತಿಸಿ ಆರಿಸುತ್ತದೆ ಎಂಬುದು) ಕೇಳಿ ತೆಗೆದುಕೊಳ್ಳಿ. ಎಂಜಿನಿಯರುಗಳ ಸಂಸ್ಥೆ ಐಟ್ರಿಪಲ್‌ಇಯ 1789ನೇ (2015) ಶಿಫಾರಸಿನಂತೆ 1,250 ಹರ್ಟ್ಜ್ ಮೇಲಿದ್ದರೆ ಕಣ್ಣಿಗೆ ಅಪಾಯ ಕಡಿಮೆ. 200 ಹರ್ಟ್ಜ್‌ನ ಅಗ್ಗದ ಡಿಮ್ಮರ್ ಹಾಕಿ, ಬೆಳಕಿನ ದೂರು ಹೋಗಿ ಮಿನುಗಿನ ದೂರು ಬರುವುದು ಬೇಡ.

ಇನ್ನೊಂದು ಮಾತು. ಶೇ. 50ಕ್ಕೆ ಇಳಿಸಿದರೆ ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ತಿಳಿಯುವುದಿಲ್ಲ. ಶೇ. 20–25ಕ್ಕೆ ಬಂದಾಗಲೇ "ಈಗ ಪರವಾಗಿಲ್ಲ" ಅನ್ನಿಸುವುದು. ಅಂಗಡಿಯವರಿಗೆ ಇದೇ ಸಮಾಧಾನದ ಸಂಗತಿ: ಕಾಲುಭಾಗ ಬೆಳಕಿನಲ್ಲೂ ಅಕ್ಷರ ಸ್ಪಷ್ಟವಾಗಿಯೇ ಓದಲು ಬರುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ, ಕಾಲುಭಾಗಕ್ಕಿಳಿದರೂ ಇಡೀ ಬಿಳಿ ಬೋರ್ಡು ಕಿಟಕಿಗೆ 12 ಲಕ್ಸ್ ಎಸೆಯುತ್ತದೆ. ನಿಜವಾದ ತಪ್ಪು ಬಿಳಿ ಹಿನ್ನೆಲೆಯದು. ಬೆಳಗಬೇಕಾದ್ದು ಹೆಸರು, ಡಬ್ಬಿಯಲ್ಲ. ಮುಖದ ಹಾಳೆಯ ಮೇಲೆ ಬೆಳಕು ಹಾಯದ ಗಾಢಬಣ್ಣದ ವಿನೈಲ್ ಅಂಟಿಸಿ, ಅಕ್ಷರದ ಜಾಗವನ್ನಷ್ಟೇ ಕತ್ತರಿಸಿ ಬಿಡಿ. ಅಕ್ಷರಗಳ ವಿಸ್ತೀರ್ಣ ಅರ್ಧ ಚದರ ಮೀಟರ್ ಬಂದರೆ, 250 ನಿಟ್‌ನಲ್ಲಿ 125 ಭಾಗ 64, ಎರಡು ಲಕ್ಸ್‌ಗೂ ಒಂದು ಕೂದಲು ಕಡಿಮೆ. ಡಬ್ಬಿ, ಮಾಡ್ಯೂಲ್, ವೈರಿಂಗ್ ಎಲ್ಲ ಹಾಗೇ ಉಳಿಯುತ್ತದೆ. ಒಂದು ದಿನದ ಕೆಲಸ. ಗಾಢ ಹಿನ್ನೆಲೆಯ ಮೇಲೆ ಹೊಳೆಯುವ ಅಕ್ಷರ ಬಿಳಿ ಡಬ್ಬಿಗಿಂತ ದೂರದಿಂದ ಚೆನ್ನಾಗಿ ಓದಲು ಬರುತ್ತದೆ, ಇದನ್ನು ಅಂಗಡಿಯವರ ಮುಂದೆ ಧೈರ್ಯವಾಗಿ ಹೇಳಿ. ವಿನೈಲ್ ಮಾತ್ರ ನಿಜವಾಗಿ ಬೆಳಕು ತಡೆಯುವಂಥದ್ದಾಗಿರಲಿ. ಸಾಧಾರಣ ಬಣ್ಣದ ವಿನೈಲ್ ಹಾಕಿದರೆ ಹಗಲಲ್ಲಿ ಗಾಢನೀಲಿ, ರಾತ್ರಿ ಮಂಕು ನೇರಳೆಯಾಗಿ ಸೋರುತ್ತದೆ.

ನೀಲಿ ಬಿಳುಪು ಅಂದರೆ 6500 ಕೆಲ್ವಿನ್ ಇರಬೇಕು (ಬೆಳಕಿನ ಬಣ್ಣದ ಅಳತೆ ಇದು, ಅಂಕಿ ಇಳಿದಷ್ಟೂ ಬೆಳಕು ಹಳದಿ ಕಡೆಗೆ). ಮಾಡ್ಯೂಲ್ ಬದಲಾಯಿಸುವ ದಿನ ಬಂದಾಗ 3000 ಅಥವಾ 4000 ಹಾಕಿಸಿ. ಅದಕ್ಕಾಗಿಯೇ ಈಗ ಎಲ್ಲ ಕಿತ್ತುಹಾಕುವುದು ದುಂದು.

ಟೈಮರ್ ಅಂತೂ ಬೇಕೇ ಬೇಕು. ಅಂಗಡಿ ಬಾಗಿಲು ಹಾಕಿದ ಅರ್ಧ ಗಂಟೆಗೆ ಆರಿಹೋಗಲಿ. ಸಪ್ಲೈಗಳು ಹೊತ್ತುವ ಕ್ಷಣದಲ್ಲಿ ಎಳೆಯುವ ಕರೆಂಟು ದೊಡ್ಡದು, ಟೈಮರಿನೊಳಗಿನ ಚಿಕ್ಕ ಸ್ವಿಚ್ಚು (ರಿಲೇ) ಅಂಟಿಕೊಂಡು ಬೋರ್ಡು ಆರುವುದೇ ಇಲ್ಲ. ಆಗ "ಬೇಕಂತಲೇ ಆರಿಸಿಲ್ಲ" ಅನ್ನುವ ಆರೋಪ ಬರುತ್ತದೆ. ನಡುವೆ ಒಂದು ಕಾಂಟ್ಯಾಕ್ಟರ್ (ದೊಡ್ಡ ಕರೆಂಟು ತಡೆಯುವ ಸ್ವಿಚ್ಚು) ಹಾಕಿದರೆ ಈ ತಲೆನೋವಿಲ್ಲ.

ನಡುಮಾತು

ಅಂಗಡಿಯವರ ಪರವಾಗಿಯೂ ನಾಲ್ಕು ಮಾತು ಹೇಳಲೇಬೇಕು. "ಅಂದ ಕೆಟ್ಟಿತು" ಎಂಬ ದೂರಿನ ಹಿಂದೆ ಎಷ್ಟೋ ಸಲ ಬೇರೆ ಸಂಕಟ ಇರುತ್ತದೆ: ಅಡ್ಡ ನಿಲ್ಲಿಸುವ ಗಾಡಿಗಳು, ರಾತ್ರಿ ಸಾಮಾನು ಇಳಿಸುವ ಸದ್ದು, ಕಸ. ಅದನ್ನು ಬಿಟ್ಟು ಬೋರ್ಡಿನ ಮೇಲೆ ಸಿಟ್ಟು ತೀರಿಸಿಕೊಂಡರೆ ಬೋರ್ಡು ಬದಲಾದ ಮೇಲೂ ಮನಸ್ಸು ತಿಳಿಯಾಗುವುದಿಲ್ಲ. ಸಭೆಗೆ ಮೊದಲು ಪ್ರತಿ ಮನೆಯವರೂ ಒಂದೇ ಪ್ರಶ್ನೆಗೆ ಬರೆದು ಕೊಡಲಿ: ನಾಳೆ ಒಂದೇ ಒಂದು ಸಂಗತಿ ಬದಲಾಗುವುದಾದರೆ ಯಾವುದು?

ಹತ್ತು ಜನ ಸೇರಿ ಅಂಗಡಿಗೆ ಹೋಗಬೇಡಿ. ಅವರ ಗಿರಾಕಿಗಳ ಎದುರು ಮಾತಾಡಲೇಬೇಡಿ. ಇಬ್ಬರು ಸಾಕು, ವ್ಯಾಪಾರ ಇಲ್ಲದ ಹೊತ್ತು ನೋಡಿ. ಅಂಗಡಿ ಬಾಡಿಗೆಯದಾದರೆ ಗೋಡೆಯ ಮಾಲೀಕರು ಬೇರೆ, ಬೋರ್ಡಿನ ಮಾಲೀಕರು ಬೇರೆ. ಯಾರು ಯಾವುದನ್ನು ಒಪ್ಪಬಲ್ಲರು ಎಂದು ತಿಳಿದುಕೊಂಡೇ ಬಾಯಿ ತೆರೆಯಿರಿ.

ಡಿಮ್ಮರ್ ಬಂದ ಮೇಲೆ ಒಂದು ವಾರದ ಪ್ರಯೋಗ ಮಾಡಿ. ಶೇ. 40, 25, 15 ಹೀಗೆ ಮೂರು ಮಟ್ಟ, ತಲಾ ಎರಡು ರಾತ್ರಿ. ಯಾವ ರಾತ್ರಿ ಎಷ್ಟು ಎಂಬುದು ಇಟ್ಟವರಿಗೆ ಮಾತ್ರ ಗೊತ್ತಿರಲಿ. ನಿವಾಸಿಗಳು ಬೆಳಗ್ಗೆ "ತೊಂದರೆ ಇತ್ತು / ಇರಲಿಲ್ಲ" ಅಂತ ಚೀಟಿಯಲ್ಲಿ ಬರೆದಿಡಲಿ, ಅಂಗಡಿಯವರು ಬೀದಿಯ ತುದಿಯಿಂದ ಹೆಸರು ಓದಲು ಬರುತ್ತದೆಯೇ ಎಂದು ಪ್ರತಿ ರಾತ್ರಿ ನೋಡಲಿ. ಅಂಕಿ ಹೇಳಿಬಿಟ್ಟರೆ ಜನ ಕಣ್ಣಿನಿಂದ ನೋಡುವುದಿಲ್ಲ, ಅಂಕಿಯಿಂದ ನೋಡುತ್ತಾರೆ.

ಗಾತ್ರದ ಪ್ರಶ್ನೆ ಬಂದರೆ "ಚಿಕ್ಕದು ಮಾಡಿ" ಅನ್ನುವುದಕ್ಕಿಂತ ಅಕ್ಷರದ ಎತ್ತರದ ಮಾತಾಡಿ. ಸಲೀಸಾಗಿ ಓದಲು 10 ಮೀಟರ್ ದೂರಕ್ಕೆ 8–9 ಸೆಂ.ಮೀ., 20 ಮೀಟರಿಗೆ 17 ಸೆಂ.ಮೀ. ಸಾಕು. ಬ್ರೆಜಿಲ್‌ನ ಸಾವೊ ಪೌಲೊ 2007ರಿಂದ ಜಾರಿಗೆ ತಂದ 'ಸಿದಾದೆ ಲಿಂಪಾ' (ಸ್ವಚ್ಛ ನಗರ) ಕಾನೂನು ಬೋರ್ಡಿನ ಗಾತ್ರವನ್ನು ಮುಂಗಟ್ಟಿನ ಅಗಲಕ್ಕೆ ಕಟ್ಟಿಹಾಕಿತು. 10 ಮೀಟರಿಗಿಂತ ಕಡಿಮೆ ಅಗಲದ ಕಟ್ಟಡಕ್ಕೆ 1.5 ಚದರ ಮೀಟರ್, 10ರಿಂದ 100 ಮೀಟರಿನದಕ್ಕೆ 4 ಚದರ ಮೀಟರ್. ಅಗಲಕ್ಕೆ ತಕ್ಕ ಬೋರ್ಡು ಎಂಬ ಆ ತತ್ವ ಬೀದಿಯೊಳಗಿನ ಒಪ್ಪಂದಕ್ಕೂ ಒಗ್ಗುತ್ತದೆ, ಏಕೆಂದರೆ ಎಲ್ಲ ಅಂಗಡಿಗೂ ಒಂದೇ ಅಳತೆ. ಒಬ್ಬರನ್ನೇ ಗುರಿಮಾಡಿದ ನಿಯಮ ಯಾರೂ ಪಾಲಿಸುವುದಿಲ್ಲ, ಪಾಲಿಸಬೇಕಾಗಿಯೂ ಇಲ್ಲ.

ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆರಿಸುವ ಸಮಯ, ಡಿಮ್ಮರಿನ ಮಟ್ಟ, ಸುಟ್ಟ ಮಾಡ್ಯೂಲ್ ಎಷ್ಟು ದಿನದಲ್ಲಿ ಬದಲಾಗಬೇಕು, ಅಂಗಡಿ ಖಾಲಿಯಾದರೆ ಗೋಡೆಯ ತೂತು ಮುಚ್ಚುವವರು ಯಾರು. ಖರ್ಚಿನ ಪಾಲೂ ಅಲ್ಲೇ ಬರಲಿ. ವಿನೈಲಿನ ಖರ್ಚಿನಲ್ಲಿ ನಿವಾಸಿಗಳೂ ಒಂದು ಪಾಲು ಹಾಕುವುದು ನನಗೆ ಸರಿ ಕಾಣುತ್ತದೆ.

ಕಿಟಕಿಬದಿ

ಎಲ್ಲರಿಗೂ ಧನ್ಯವಾದ. ವಿನೈಲ್, ಡಿಮ್ಮರ್, ಟೈಮರ್ ಈ ಮೂರನ್ನೇ ಮುಂದಿಟ್ಟು ಮಾತಾಡುತ್ತೇವೆ. ಕೆಂಪು ಗೋಡೆ ಉಳಿಯಿತು. ಅದು ಹಳೆಯ ಸುಣ್ಣದ ಗಾರೆಯ ಗೋಡೆ, ಮೇಲೆ ಬಳಿದಿರುವುದು ಮಾಮೂಲಿ ಅಕ್ರಿಲಿಕ್ ಎಮಲ್ಶನ್. ಮೂಲೆಯಲ್ಲಿ ಈಗಾಗಲೇ ಗುಳ್ಳೆ ಎದ್ದಿದೆ.

ಗಾರೆಬಣ್ಣ

ಹಾಗಾದರೆ ಬಣ್ಣಕ್ಕಿಂತ ದೊಡ್ಡ ಆಧಾರ ನಿಮ್ಮ ಕೈಲಿದೆ, ಅದೂ ಅಂಗಡಿಯವರ ಮತ್ತು ಕಟ್ಟಡದವರ ಹಿತದ್ದೇ. ಸುಣ್ಣದ ಗಾರೆ ಉಸಿರಾಡಬೇಕು. ನೆಲದಿಂದ ಏರಿದ ತೇವ ಗೋಡೆಯ ಮೈಯಿಂದ ಆರಿಹೋಗುತ್ತಿರುತ್ತದೆ. ಎಮಲ್ಶನ್ನಿನ ಪೊರೆ ಅದನ್ನು ತಡೆದಾಗ ತೇವ ಪೊರೆಯ ಹಿಂದೆ ನಿಂತು, ಲವಣ ಹರಳುಗಟ್ಟಿ, ಬಣ್ಣವನ್ನು ಗಾರೆಯ ಪದರದ ಸಮೇತ ಎತ್ತುತ್ತದೆ. ಗುಳ್ಳೆಯನ್ನು ಬೆರಳಿನಿಂದ ಒತ್ತಿ ನೋಡಿ. ಒಳಗೆ ಬಿಳಿ ಹುಡಿ ಇದ್ದರೆ, ತೇವದ ಮೂಲ ಸರಿಮಾಡದೆ ಮೇಲೆ ಎಷ್ಟು ಕೋಟು ಬಳಿದರೂ ನಿಲ್ಲುವುದಿಲ್ಲ.

ಬಣ್ಣ ಎಷ್ಟು ಗಟ್ಟಿ ಹಿಡಿದಿದೆ ಎಂದು ನೋಡಲು ಹರಿತವಾದ ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಆರು ಗೀರು ಉದ್ದಕ್ಕೆ, ಆರು ಅಡ್ಡಕ್ಕೆ ಎಳೆಯಿರಿ. ಟೇಪು ಒತ್ತಿ ಅಂಟಿಸಿ ಒಮ್ಮೆಗೇ ಕೀಳಿ. ಚೌಕಗಳು ಟೇಪಿಗೆ ಬಂದರೆ ಹೊಸ ಬಣ್ಣ ಅದರ ಮೇಲೆ ಬಳಿಯುವುದು ವ್ಯರ್ಥ, ಹಳೆಯದನ್ನು ಕೆರೆದು ತೆಗೆಯಲೇಬೇಕು. ಲೋಹದ ಬ್ರಷ್ಷಾಗಲಿ ಮರಳು ಊದುವ ಯಂತ್ರವಾಗಲಿ ಬೇಡ, ಗಾರೆಯ ಮೈಯೇ ಹೋಗುತ್ತದೆ. ಬಣ್ಣ ಮೆದುವಾಗಿಸುವ ಲೇಪ ಹಚ್ಚಿ ಚಪ್ಪಟೆ ಉಳಿಯಿಂದ ನಿಧಾನವಾಗಿ ಎಬ್ಬಿಸಬೇಕು. ಲೇಪದ ಅಂಶ ಉಳಿಯದಂತೆ ತೊಳೆದು, ಗೋಡೆ ಪೂರ್ತಿ ಒಣಗಲು ವಾರಗಟ್ಟಲೆ ಬಿಟ್ಟು, ಆಮೇಲೆ ಸುಣ್ಣದ ಬಣ್ಣ ಅಥವಾ ಸಿಲಿಕೇಟ್ ಬಣ್ಣ. ಸಿಲಿಕೇಟ್ ಬಣ್ಣ ಗಾರೆ, ಕಲ್ಲಿನಂಥ ಖನಿಜದ ಮೈಗಷ್ಟೇ ಹತ್ತುತ್ತದೆ, ಎಮಲ್ಶನ್ ಉಳಿದ ತೇಪೆಗಳ ಮೇಲೆ ಬೇಗ ಉದುರುತ್ತದೆ.

ಕೆಂಪನ್ನು ಪೂರ್ತಿ ಬಿಡಿ ಎಂದು ಕೇಳಬೇಡಿ, ಅದು ಅವರ ಅಂಗಡಿಯ ಗುರುತು. ಬಾಗಿಲ ಚೌಕಟ್ಟು, ಅಕ್ಷರ, ಸಜ್ಜೆಯ ಅಂಚಿಗೆ ಕೆಂಪು ಇಟ್ಟು ಗೋಡೆಗೆ ಅದೇ ಕುಲದ ಮಂಕಾದ ಮಣ್ಣುಬಣ್ಣ ಕೊಟ್ಟರೆ ಕೆಂಪು ಇನ್ನೂ ಎದ್ದು ಕಾಣುತ್ತದೆ. ಹೊರಗೋಡೆಗೆ ಐರನ್ ಆಕ್ಸೈಡಿನ ಕಾವಿಗೆಂಪು ಬಿಸಿಲಿಗೆ ಬಾಡುವುದಿಲ್ಲ. ಉಜ್ವಲ ಕೆಂಪಿಗೆ ಬಳಸುವ ಸಾವಯವ ವರ್ಣದ್ರವ್ಯಗಳಲ್ಲಿ ಅನೇಕವು ಬಿಸಿಲು ಬೀಳುವ ಕಡೆ ಗುಲಾಬಿಗೆ ತಿರುಗಿ, ಸಜ್ಜೆಯ ನೆರಳಲ್ಲಿ ಕೆಂಪಾಗಿಯೇ ಉಳಿದು ಗೋಡೆ ಪಟ್ಟೆ ಪಟ್ಟೆಯಾಗುತ್ತದೆ.

ಕಾರ್ಡು ನೋಡಿ ಬಣ್ಣ ಒಪ್ಪಬೇಡಿ. ಅಂಗೈಯಗಲದ ಚೂರಿನಲ್ಲಿ ಕಂಡದ್ದು ಗೋಡೆಯ ತುಂಬ ಬಂದಾಗ ಹೆಚ್ಚು ತಿಳಿಯಾಗಿಯೂ ಹೆಚ್ಚು ಢಾಳಾಗಿಯೂ ಕಾಣುತ್ತದೆ, ಇಂಥ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಅಲ್ಲಿ. ಒಂದು ಮೀಟರ್ ಚೌಕದ ಹಲಗೆಗೆ ಎರಡು ಕೋಟು ಬಳಿದು ಒಣಗಿಸಿ, ಗೋಡೆಗೇ ಒರಗಿಸಿ. ಅದರ ಸುತ್ತ ಈಗಿನ ಕೆಂಪು ಕಾಣದಂತೆ ಬೂದು ಬಟ್ಟೆ ಇಳಿಬಿಡಿ, ಇಲ್ಲದಿದ್ದರೆ ಕೆಂಪಿನ ಪಕ್ಕ ಯಾವ ಬಣ್ಣವೂ ಹಸಿರು ತಿರುಗಿದಂತೆ ತೋರುತ್ತದೆ. ಬೆಳಗ್ಗೆ, ನಡುಹಗಲು, ಮತ್ತೆ ಡಿಮ್ಮರ್ ಇಳಿಸಿದ ಬೋರ್ಡಿನ ಬೆಳಕಲ್ಲಿ, ಮೂರು ಹೊತ್ತೂ ಎರಡೂ ಕಡೆಯವರು ಒಟ್ಟಿಗೆ ನಿಂತು ನೋಡಿ.