ಅಪ್‌ಡೇಟ್: ಡೆಡ್‌ಲಿಫ್ಟ್ ಗ್ರಿಪ್ ಬಗ್ಗೆ ಕೇಳಿದ್ದೆನಲ್ಲ

ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ಬಾರನ್ನು ನೆಟ್ಟಗೆ ನಿಲ್ಲುವವರೆಗೆ ಎತ್ತುವಾಗ, ನೂರು ಕೆಜಿ ದಾಟಿದರೆ ಬಾರ್ ಕೈಯಿಂದ ಜಾರುತ್ತದೆ, ಮಿಕ್ಸ್‌ಡ್ ಗ್ರಿಪ್ (ಒಂದು ಅಂಗೈ ನನ್ನ ಕಡೆ, ಇನ್ನೊಂದು ಮುಂದಕ್ಕೆ) ಹಿಡಿದರೆ ಎಡ ಮೊಣಕೈ ಒಳಗಡೆ ಎಳೆದ ಹಾಗಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮಿಕ್ಸ್‌ಡ್ ಬಿಟ್ಟೆ. ಅಂಗೈ ಮುಂದಕ್ಕೆ ತಿರುಗಿದ ಕೈ ಸ್ವಲ್ಪ ಮಡಚಿದರೂ ಬೈಸೆಪ್ಸ್ ಮೇಲೆ ಭಾರ ಬೀಳುತ್ತದೆ, ಅದು ಹರಿದುಕೊಂಡವರೂ ಇದ್ದಾರೆ. ನನಗ್ಯಾಕೆ ಬೇಕು ಅದು, ಸ್ಪರ್ಧೆಗೆ ಹೋಗೋನಲ್ಲ ಅಲ್ವಾ. ಹುಕ್ ಗ್ರಿಪ್‌ನಲ್ಲಿ ಬಾರ್ ಜಾರಲ್ಲ, ನಿಜ, ಆದರೆ ಬೆರಳುಗಳ ಅಡಿ ಸಿಕ್ಕಿಕೊಂಡ ಹೆಬ್ಬೆರಳಿನ ನೋವು ತಡೆಯೋಕಾಗಲಿಲ್ಲ.

ಈಗ ಎರಡೂ ಅಂಗೈ ನನ್ನ ಕಡೆಗೇ. ಕೈ ಜಾರದಿರಲಿ ಅಂತ ಚಾಕ್ ಹಚ್ಚುತ್ತೇನೆ; ಜಿಮ್‌ನಲ್ಲಿ ಪುಡಿ ಹಾರಬಾರದು ಅಂತಾರೆ, ಅದಕ್ಕೆ ಲಿಕ್ವಿಡ್ ಚಾಕ್. ಜಾಸ್ತಿ ಉಪಯೋಗಕ್ಕೆ ಬಂದಿದ್ದು ಬಾರನ್ನು ಬೆರಳ ಬುಡದಲ್ಲೇ ಹಿಡಿಯಿರಿ ಅನ್ನೋ ಸಲಹೆ. ಅಂಗೈ ನಡುವೆ ಹಿಡಿದರೆ ಎತ್ತುವಾಗ ಅದು ಹೇಗೂ ಕೆಳಗೆ ಉರುಳುತ್ತದೆ, ಚರ್ಮವನ್ನೂ ಜೊತೆಗೆ ಎಳೆದು ಮಡಚುತ್ತದೆ, ಜಡ್ಡುಗಟ್ಟೋದು ಅಲ್ಲೇ. ಕೊನೆಯ ಭಾರದ ಸೆಟ್‌ಗಳಿಗೆ ಮಾತ್ರ ಸ್ಟ್ರ್ಯಾಪ್ (ಮಣಿಕಟ್ಟಿಗೆ ಹಾಕಿ ಬಾರಿಗೆ ಸುತ್ತೋ ಪಟ್ಟಿ). ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಹೋಗುವವರು ಇದನ್ನೇ ನಂಬಬೇಡಿ, ಅಲ್ಲಿ ಬಿಡಲ್ಲ.

ಬಾರ್ ಮೊಣಕಾಲಿನಿಂದ ದೂರ ಹೋದರೆ, ಬೆನ್ನು ಬಾಗತೊಡಗಿದರೆ, ಇನ್ನೊಂದು ರೆಪ್ ಬಾಕಿ ಇದ್ದರೂ ಕೆಳಗಿಡುತ್ತೇನೆ. ಮೊಣಕೈ ಎಳೆತ ನಿಂತಿದೆ.